ಗಾಳದಿಂದ ಬಿಡಿಸಿ ನೀರಿಗೆ ಬಿಟ್ಟ ಮೀನು ನಿಜವಾಗಿ ಬದುಕುತ್ತದೆಯೇ?

ದೊಡ್ಡ ಮೀನೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕ್ಯಾಮೆರಾ ನೋಡಿ ನಕ್ಕು, ಕೊನೆಗೆ ಅದನ್ನು ನೀರಿಗೆ ಬಿಡುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೆ ಬರುವ ಬರಹ ಎರಡು ಬಗೆಯದು. ಒಂದು: "ಇದೇ ನಿಜವಾದ ಪ್ರಾಣಿಪ್ರೀತಿ. ಮೀನಿಗೆ ನೋವಾಗುವುದಿಲ್ಲ, ಬಾಯಿಯ ಗಾಯ ಎರಡೇ ದಿನದಲ್ಲಿ ಮಾಯುತ್ತದೆ." ಇನ್ನೊಂದು: "ಮೋಸ ಹೋಗಬೇಡಿ, ಹೀಗೆ ಬಿಟ್ಟ ಮೀನುಗಳೆಲ್ಲ ಸತ್ತೇ ಹೋಗುತ್ತವೆ." ಎರಡೂ ಸರಿಯಲ್ಲ. ಆದರೆ ಎರಡರಲ್ಲೂ ಒಂದಿಷ್ಟು ನಿಜವಿದೆ, ಹಾಗಾಗಿಯೇ ಇವು ಇಷ್ಟು ಓಡಾಡುತ್ತವೆ.

ಮೊದಲು ಲೆಕ್ಕ ನೋಡೋಣ. ಹಿಡಿದು ಬಿಟ್ಟ ಮೀನುಗಳ ಸಾವಿನ ಬಗ್ಗೆ ಅಲ್ಲಿಯವರೆಗೆ ಪ್ರಕಟವಾಗಿದ್ದ 274 ಅಂದಾಜುಗಳನ್ನು ಇಬ್ಬರು ಸಂಶೋಧಕರು 2005ರಲ್ಲಿ ಒಟ್ಟು ಮಾಡಿ ನೋಡಿದರು. ಸರಾಸರಿ ಸಾವು ಶೇ. 18. ಆದರೆ ಅಂದಾಜುಗಳಲ್ಲಿ ಅರ್ಧದಷ್ಟು ಶೇ. 11ಕ್ಕಿಂತ ಕೆಳಗಿದ್ದವು. ಕೆಲವು ಕಡೆ ಒಂದು ಮೀನೂ ಸಾಯಲಿಲ್ಲ, ಇನ್ನು ಕೆಲವು ಕಡೆ ಉಳಿದದ್ದೇ ಬೆರಳೆಣಿಕೆ. ಅಂದರೆ "ಬದುಕುತ್ತದೆ" ಅಥವಾ "ಸಾಯುತ್ತದೆ" ಎಂಬ ಒಂದೇ ಉತ್ತರ ಇಲ್ಲಿಲ್ಲ. ಹಿಡಿದವರು ಆ ಒಂದೆರಡು ನಿಮಿಷ ಏನು ಮಾಡಿದರು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಗಾಳಕ್ಕೆ ಸಿಕ್ಕ ಮೀನು ದಾರದ ತುದಿಯಲ್ಲಿ ಒದ್ದಾಡುವುದೆಂದರೆ ನಾವು ಉಸಿರು ಬಿಗಿಹಿಡಿದು ಓಡಿದ ಹಾಗೆ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ದೇಹಕ್ಕೆ ಆಮ್ಲಜನಕ ಬೇಕೇಬೇಕು ಎನ್ನುವ ಹೊತ್ತದು. ಸರಿಯಾಗಿ ಆಗಲೇ ನಾವು ಅದನ್ನು ನೀರಿನಿಂದ ಮೇಲೆತ್ತುತ್ತೇವೆ. ಮೀನಿನ ಕಿವಿರುಗಳಲ್ಲಿರುವ ತೆಳ್ಳನೆಯ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ, ಗಾಳಿಗೆ ಬಂದ ಕೂಡಲೇ ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಸಿರಾಟ ಬಹುತೇಕ ನಿಂತೇ ಹೋಗುತ್ತದೆ.

ಇದರ ಬೆಲೆ ಎಷ್ಟೆಂದು 1992ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ರೇನ್‌ಬೋ ಟ್ರೌಟ್ ಮೀನುಗಳನ್ನು ಸುಸ್ತಾಗುವವರೆಗೆ ಈಜಿಸಿ ಹಾಗೆಯೇ ನೀರಿನಲ್ಲಿ ಬಿಟ್ಟಾಗ 12 ಗಂಟೆಯೊಳಗೆ ಶೇ. 12ರಷ್ಟು ಸತ್ತವು. ಸುಸ್ತಾದ ಮೇಲೆ 30 ಸೆಕೆಂಡ್ ಗಾಳಿಯಲ್ಲಿ ಹಿಡಿದಾಗ ಶೇ. 38. ಪೂರ್ತಿ ಒಂದು ನಿಮಿಷ ಹಿಡಿದಾಗ ಶೇ. 72! ಎಲ್ಲ ಜಾತಿಗಳೂ ಇಷ್ಟು ನಾಜೂಕಲ್ಲ, ಕೊಂಚ ಗಟ್ಟಿ ಜೀವಗಳೂ ಇವೆ. ಆದರೂ ಒಂದು ಸೆಲ್ಫಿ, ಗೆಳೆಯನದೊಂದು ಫೋಟೊ, ತೂಕ, ಅಳತೆ ಎಂದು ಎಣಿಸಿದರೆ ಒಂದು ನಿಮಿಷ ಎಷ್ಟು ಬೇಗ ಮುಗಿಯುತ್ತದೆ ನೋಡಿ. ವಿಡಿಯೊದಲ್ಲಿ ಮೀನು ಬಾಲ ಬಡಿದು ಚುರುಕಾಗಿ ಹೋಯಿತು ಎಂಬುದು ಅದು ಬದುಕಿತು ಎನ್ನುವುದಕ್ಕೆ ಪುರಾವೆಯಲ್ಲ. ಸಾಯುವ ಮೀನು ಎಷ್ಟೋ ಸಲ ವಿಡಿಯೊ ಮುಗಿದು ಗಂಟೆಗಳ ಮೇಲೆ ಸಾಯುತ್ತದೆ.

ಬೇಸಿಗೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗಿರುತ್ತದೆ.

ಇನ್ನು ಕೊಕ್ಕೆಯ ವಿಷಯ. ತುಟಿಗೋ ದವಡೆಗೋ ಸಿಕ್ಕಿದ್ದರೆ ಸಾಮಾನ್ಯವಾಗಿ ಮೀನು ಉಳಿಯುತ್ತದೆ. ಗಂಟಲಿಗೆ ಅಥವಾ ಕಿವಿರಿಗೆ ಇಳಿದಿದ್ದರೆ ಕಥೆಯೇ ಬೇರೆ. ಅಂಥ ಹೊತ್ತಿನಲ್ಲಿ "ಪಾಪ, ಕೊಕ್ಕೆ ಬಿಟ್ಟು ಕಳಿಸಬಾರದು" ಎಂದು ಎಳೆದು ತೆಗೆಯುವವರೇ ಹೆಚ್ಚು. ಇದು ತಪ್ಪು. 2009ರಲ್ಲಿ ಬ್ಲೂಗಿಲ್ ಎಂಬ ಚಿಕ್ಕ ಮೀನಿನ ಮೇಲೆ ಇದನ್ನೇ ಪರೀಕ್ಷಿಸಿದರು. ಆಳಕ್ಕೆ ಹೋದ ಕೊಕ್ಕೆಯನ್ನು ಕಿತ್ತು ತೆಗೆದ ಮೀನುಗಳಲ್ಲಿ 10 ದಿನಗಳಲ್ಲಿ ಸತ್ತವು ಸುಮಾರು ಶೇ. 44, ದಾರ ಮಾತ್ರ ಕತ್ತರಿಸಿ ಬಿಟ್ಟವುಗಳಲ್ಲಿ ಸುಮಾರು ಶೇ. 12. ಬದುಕಿದವುಗಳಲ್ಲಿ ಹೆಚ್ಚಿನವು ಆ ಹೊತ್ತಿಗೆ ಕೊಕ್ಕೆಯನ್ನು ತಾವೇ ಹೊರಹಾಕಿದ್ದವು. ಹಾಗೆಂದು "ಕೊಕ್ಕೆ ನೀರಿನಲ್ಲಿ ತಾನೇ ಕರಗುತ್ತದೆ" ಎಂಬ ಮಾತನ್ನು ನಂಬಬೇಡಿ. ಕಬ್ಬಿಣದ್ದು ನಿಧಾನಕ್ಕೆ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ಬಹುಕಾಲ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಬಾಯಿಯ ಗಾಯ ಎರಡೇ ದಿನದಲ್ಲಿ ಮಾಯುತ್ತದೆಯೇ? ಮೀನಿಗೆ ಗಾಯ ಮಾಯಿಸಿಕೊಳ್ಳುವ ಶಕ್ತಿ ಚೆನ್ನಾಗಿಯೇ ಇದೆ, ಆದರೆ ದವಡೆಯಲ್ಲಿ ತೂತಿರುವಷ್ಟು ದಿನ ಊಟಕ್ಕೆ ಕಷ್ಟ. ಎಷ್ಟೋ ಮೀನುಗಳು ಬಾಯಿಯನ್ನು ಥಟ್ಟನೆ ಅಗಲಿಸಿ, ನಾವು ಸ್ಟ್ರಾದಲ್ಲಿ ಎಳನೀರು ಎಳೆದಂತೆ ಆಹಾರವನ್ನು ಒಳಗೆಳೆದುಕೊಳ್ಳುತ್ತವೆ. ತೂತಾದ ಸ್ಟ್ರಾದಲ್ಲಿ ಎಳೆದು ನೋಡಿ, ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ಸಂಶೋಧಕರು 2018ರಲ್ಲಿ ಶೈನರ್ ಪರ್ಚ್ ಎಂಬ ಮೀನಿನಲ್ಲಿ ಅಳೆದು ತೋರಿಸಿದ್ದು ಇದನ್ನೇ: ಕೊಕ್ಕೆಯ ಗಾಯವಿದ್ದ ಮೀನುಗಳು ಆಹಾರ ಎಳೆದುಕೊಳ್ಳುವ ವೇಗ ಸ್ಪಷ್ಟವಾಗಿ ತಗ್ಗಿತ್ತು.

ಮೈಮೇಲಿನ ಲೋಳೆಯನ್ನು ನಾವು ಗಲೀಜು ಎಂದುಕೊಳ್ಳುತ್ತೇವೆ. ಮೀನಿಗೆ ಅದು ರೋಗ ತಡೆಯುವ ಹೊದಿಕೆ. ಒಣಗಿದ ಕೈ, ಟವೆಲ್, ಬಿಸಿ ಬಂಡೆ, ಗಂಟುಗಳಿರುವ ಒರಟು ಬಲೆ ಇವೆಲ್ಲ ಅದನ್ನು ಒರೆಸಿಬಿಡುತ್ತವೆ. ಆ ಜಾಗದಲ್ಲಿ ಹತ್ತಿಯಂತೆ ಬಿಳಿ ಶಿಲೀಂಧ್ರ ಬೆಳೆಯಬಹುದು. ಕಿತ್ತುಹೋದ ಹುರುಪೆ ಮತ್ತೆ ಹುಟ್ಟುತ್ತದೆ, ಆದರೆ ಅದರ ನಡುವೆ ಹಳೆಯ ಬೆಳವಣಿಗೆಯ ಉಂಗುರಗಳು ಇರುವುದಿಲ್ಲ. ಉಂಗುರ ಎಣಿಸಿ ಮೀನಿನ ವಯಸ್ಸು ಹೇಳುವವರು ಇಂಥ ಹುರುಪೆಯನ್ನು ಪಕ್ಕಕ್ಕಿಡುತ್ತಾರೆ.

ನೋವಿನ ಪ್ರಶ್ನೆ ಇನ್ನೂ ಚರ್ಚೆಯಲ್ಲಿದೆ. ಆದರೆ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಪೆಟ್ಟನ್ನು ಗುರುತಿಸುವ ನರತುದಿಗಳಿವೆ ಎಂದು 2003ರಲ್ಲೇ ತೋರಿಸಲಾಗಿದೆ. ಒಮ್ಮೆ ಗಾಳಕ್ಕೆ ಸಿಕ್ಕ ಕಾರ್ಪ್ ಮೀನುಗಳು ಬಹಳ ಕಾಲ ಗಾಳದಿಂದ ದೂರ ಉಳಿಯುವುದೂ ಕಂಡುಬಂದಿದೆ. ಮೀನಿನ ನೆನಪು ಮೂರೇ ಸೆಕೆಂಡ್ ಎನ್ನುವ ಇನ್ನೊಂದು ಫಾರ್ವರ್ಡ್‌ಗೆ ಇದೇ ಉತ್ತರ.

ಇಷ್ಟೆಲ್ಲ ಇದ್ದೂ ಬಿಟ್ಟ ಮೀನು ಬದುಕಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಬೆನ್ಸನ್ ಸಾಕ್ಷಿ. ಪೀಟರ್‌ಬರೋ ಬಳಿಯ ಕೆರೆಯಲ್ಲಿದ್ದ ಈ ಹೆಣ್ಣು ಕಾರ್ಪ್ 60ಕ್ಕೂ ಹೆಚ್ಚು ಬಾರಿ ಗಾಳಕ್ಕೆ ಸಿಕ್ಕು, ಪ್ರತಿ ಸಲವೂ ನೀರಿಗೆ ಮರಳಿತು. ಬೆನ್ನಿನ ಈಜುರೆಕ್ಕೆಯಲ್ಲಿ ಸಿಗರೇಟಿನಿಂದ ಸುಟ್ಟಂಥ ತೂತಿದ್ದುದರಿಂದ ಸಿಗರೇಟ್ ಕಂಪನಿಯ ಹೆಸರು ಬಂತು ಎನ್ನುತ್ತಾರೆ. 2009ರಲ್ಲಿ ಅದು ಸತ್ತಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆದರೆ ಅತ್ತ ಸ್ವಿಟ್ಜರ್ಲೆಂಡಿನಲ್ಲಿ, ಬಿಟ್ಟುಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ಕಾನೂನು ನಿಷೇಧಿಸಿದೆ. ತಿನ್ನುವುದಿಲ್ಲ ಎಂದಾದರೆ ಹಿಡಿಯುವುದೇಕೆ ಎಂಬುದು ಅಲ್ಲಿನ ತರ್ಕ.

ನಮ್ಮ ಕಾವೇರಿಯಲ್ಲಿ ಈ ತರ್ಕ ಅಷ್ಟು ಸಲೀಸಾಗಿ ಕೂರುವುದಿಲ್ಲ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿ ಶಿಬಿರಗಳಲ್ಲಿ ವರ್ಷಗಟ್ಟಲೆ ಮಹಶೀರ್ ಹಿಡಿದು ಬಿಡುತ್ತಿದ್ದರು. ಸಂರಕ್ಷಿತ ಅರಣ್ಯದೊಳಗೆ ಅದು 2012ರಲ್ಲಿ ನಿಂತಿತು. ಕೊಕ್ಕೆಯ ಗಾಯ ಅಲ್ಲಿಯೂ ಗಾಯವೇ. ಆದರೆ ಗಾಲಿಬೋರೆಯಲ್ಲಿ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದಲೇ ಒಂದು ದೊಡ್ಡ ಸಂಗತಿ ಹೊರಬಿತ್ತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು, ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಸದ್ದಿಲ್ಲದೆ ಕಣ್ಮರೆಯಾಗುತ್ತಿತ್ತು. 2018ರಲ್ಲಿ ಅದನ್ನು ಅಳಿವಿನ ಅಂಚಿನ ಮೀನುಗಳ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟು, ಮರಳುಗಣಿಗಾರಿಕೆ, ಡೈನಮೈಟ್ ಹಾಕಿ ಮೀನು ಹಿಡಿಯುವುದು ಇಂದಿಗೂ ಅದರ ಬೆನ್ನು ಬಿಟ್ಟಿಲ್ಲ.