ಊರೊಳಗಿನ ವಿಷಯ ಅಂತಾರೆ

ಹಾಸ್ಟೆಲ್ಲಿನ ಗೆಳೆಯರೇ,

ಸಿ.ವಿ. ರಾಮನ್ ನಗರದಲ್ಲಿ ನಾನಿರೋ ಬಾಡಿಗೆ ರೂಮಿಂದ ಸ್ವಲ್ಪ ದೂರ ನಡೆದರೆ ಉದ್ದಾನುದ್ದ ಗೋಡೆ. ಗೋಡೆಯಾಚೆ ರಕ್ಷಣಾ ಸಂಶೋಧನೆಯವರು ರಾಡಾರ್ ರೂಪಿಸುತ್ತಾರೆ, ಯುದ್ಧವಿಮಾನದ ಎಂಜಿನ್ ಪರೀಕ್ಷಿಸುತ್ತಾರೆ. ಗೋಡೆಯೀಚೆ ಬೆಳಕು ಹರಿಯೋ ಮುಂಚೆ ನಮ್ಮ ತಾಯಂದಿರು ಪೊರಕೆ ಹಿಡಿದು ರಸ್ತೆ ಗುಡಿಸುತ್ತಾರೆ. ಈ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಕ್ಷೇತ್ರವೇನೋ ನಮ್ಮದು. ರಾಡಾರ್ ಯಾವ ದೇಶದ ಕಡೆ ತಿರುಗಬೇಕು ಅನ್ನೋ ಮಾತು ಮಾತ್ರ ನಮ್ಮದಲ್ಲ.

ಎಂ.ಎ.ಗೆ ಅಂತರರಾಷ್ಟ್ರೀಯ ಸಂಬಂಧ ತಗೋತೀನಿ ಅಂದೆ. ಟೀ ಅಂಗಡಿಯಲ್ಲಿ ಗೆಳೆಯನೊಬ್ಬ ನಕ್ಕ. 'ಬಿ.ಎಡ್. ಮಾಡೋ, ಮೇಷ್ಟ್ರಾಗ್ತೀಯ. ಅದೆಲ್ಲ ರಾಯಭಾರಿಗಳ ಮಕ್ಕಳಿಗೆ.' ಅವನ ಮಾತಲ್ಲಿ ಹಸಿವಿದೆ. ಮನೇಲಿ ಸಾಲ ಇದ್ದೋನಿಗೆ ಸಂಬಳ ಬೇಕು, ಅದನ್ನ ನಾನು ಅಲ್ಲಗಳೆಯೋದಿಲ್ಲ. ಆದರೆ 'ನಮಗಲ್ಲ' ಅನ್ನೋ ಮಾತನ್ನ ಇಷ್ಟು ದಿನ ಅವರು ಹೇಳ್ತಿದ್ದರು. ಈಗ ನಾವೇ ಹೇಳಿಕೊಳ್ಳಬೇಕಾ?

ಕೇರಿಯ ಹುಡುಗನಿಗೆ ಹೊಡೆದಾಗ ಜಗಲಿಯ ಮೇಲಿಂದ ಬರೋ ಮೊದಲ ಮಾತು ಯಾವುದು? 'ಇದು ಊರೊಳಗಿನ ವಿಷಯ, ಸ್ಟೇಷನ್ನಿಗೆ ಹೋಗಬೇಡಿ.' ದೇಶಗಳೂ ಇದೇ ಮಾತಾಡುತ್ತವೆ. 1946ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ಕೀಳಾಗಿ ಕಾಣುತ್ತಾರೆ ಅಂತ ಭಾರತ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಅಲ್ಲಿನ ಬಿಳಿಯರ ಸರ್ಕಾರ 'ಇದು ನಮ್ಮ ಆಂತರಿಕ ವಿಷಯ' ಅಂದಿತು. ಭಾರತ ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ.

2001ರಲ್ಲಿ ಅದೇ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಜನಾಂಗಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆಯಿತು. ಜಾತಿಯ ಮಾತೂ ಅಲ್ಲಿ ಬರಲಿ ಅಂತ ನಮ್ಮವರು ಹೋದರು. ಈ ಸಲ 'ಆಂತರಿಕ ವಿಷಯ' ಅಂದದ್ದು ಭಾರತ ಸರ್ಕಾರ! ಅಂತಿಮ ಘೋಷಣೆಯಲ್ಲಿ ಜಾತಿ ಅನ್ನೋ ಪದ ಬರಲೇ ಇಲ್ಲ. ಆದರೆ 2002ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ, ವಂಶದ ಆಧಾರದ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಅಂತ ಬರೆದಿಟ್ಟಿತು. ಬಾಗಿಲು ಪೂರ್ತಿ ಮುಚ್ಚಿಲ್ಲ. ಚಿಲಕ ಎಲ್ಲಿದೆ ಅನ್ನೋದು ಓದಿದವನಿಗೆ ಗೊತ್ತು.

ಇದು ನಮಗೆ ಹೊಸ ದಾರಿಯೂ ಅಲ್ಲ. ಅದೇ 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. 1968ರಲ್ಲಿ ಕಲಬುರ್ಗಿಯಲ್ಲಿ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರ್, ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಹೈದರಾಬಾದ್ ನಿಯೋಗದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಿದ್ದರು. ನಿಜಾಮನ ಪರವಾಗಿ ಹೋದದ್ದು ಸರಿಯೋ ತಪ್ಪೋ, ಆ ಜಗಳ ಬೇರೆ ಇರಲಿ. ಲೋಕದ ಪಂಚಾಯ್ತಿ ಹೇಗೆ ನಡೆಯುತ್ತೆ ಅಂತ ನಮ್ಮವರೊಬ್ಬರು ಕಣ್ಣಾರೆ ಕಂಡಿದ್ದರು.

ಈಗಿನ ಕತೆ ನೋಡಿ. ಪರಿಶಿಷ್ಟರು ಹೊರದೇಶದಲ್ಲಿ ಓದಲಿ ಅಂತ ಕೇಂದ್ರ ಕೊಡುವ ವಿದ್ಯಾರ್ಥಿವೇತನಕ್ಕೆ 2022ರಲ್ಲಿ ಹೊಸ ನಿಯಮ ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಓದೋರಿಗೆ ದುಡ್ಡಿಲ್ಲ. ಬರೋಡ ಮಹಾರಾಜರ ನೆರವಿನಿಂದ ಕೊಲಂಬಿಯಾಕ್ಕೆ ಹೋದ ಬಾಬಾಸಾಹೇಬರು 1916ರಲ್ಲಿ ಅಲ್ಲಿ ಮಂಡಿಸಿದ ಪ್ರಬಂಧ ಯಾವುದು? 'ಭಾರತದಲ್ಲಿ ಜಾತಿಗಳು'. ಈ ನಿಯಮ ಅಂದೇ ಇದ್ದಿದ್ದರೆ? ಹೊರಗೆ ಹೋಗು, ಆದರೆ ಒಳಗಿನ ಮಾತಾಡಬೇಡ. ಮತ್ತದೇ ಜಗಲಿಯ ಮಾತು.

ಕಷ್ಟ ಇದೆ, ಮುಚ್ಚಿಡೋದು ಬೇಡ. ಯು.ಪಿ.ಎಸ್.ಸಿ.ಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಒಂದು ಐಚ್ಛಿಕ ವಿಷಯ. ಉತ್ತರ ಕನ್ನಡದಲ್ಲೇ ಬರೆಯಬಹುದು, ಪ್ರಶ್ನೆ ಮಾತ್ರ ಇಂಗ್ಲಿಷು, ಹಿಂದಿ. ಕನ್ನಡದಲ್ಲಿ ಓದೋಕೆ ಪುಸ್ತಕ ಸಾಲದು. ಯಾರೋ ಬರೆದುಕೊಡಲಿ ಅಂತ ಕಾಯೋದು ಬೇಡ. ಭಾನುವಾರ ಸಂಜೆ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಕೂತು ವಿಶ್ವಸಂಸ್ಥೆಯ ಸನ್ನದನ್ನು ಕನ್ನಡಕ್ಕೆ ತರೋಣ. ಎರಡನೇ ವಿಧಿಯ ಏಳನೇ ಕಲಮಿನಿಂದಲೇ ಶುರು ಮಾಡೋಣ. ದೇಶದ ಒಳಗಿನ ವಿಷಯಕ್ಕೆ ಕೈ ಹಾಕಬಾರದು ಅನ್ನೋ ಮಾತು ಇರೋದು ಅಲ್ಲೇ.

ಬೀಗದ ಗುರುತು ಹಿಡಿಯದೆ ಬೀಗದಕೈ ಮಾಡೋದು ಹೇಗೆ?

ಟೀ ಅಂಗಡಿಯ ಗೆಳೆಯನಿಗೂ ಹೇಳಿದ್ದೇನೆ. ಬಿ.ಎಡ್. ಮಾಡಲಿ. ಭಾನುವಾರ ಬರಲಿ.

ಜೈ ಭೀಮ್.