ಮನೆಯ ಹೊಸ ಫೋನು ಯಾರ ಕೈಗೆ?

ಹಬ್ಬದ ಮಾಸಗಳು ಸಮೀಪಿಸಿದಂತೆ ನಮ್ಮ ವಿದ್ಯಾವಂತ ಸಂಸಾರಗಳಲ್ಲಿ ಒಂದು ಸಭೆಯು ತಾನೇ ತಾನಾಗಿ ನೆರೆಯುವುದುಂಟು. ಅದಕ್ಕೆ ಅಧ್ಯಕ್ಷರನ್ನು ಯಾರೂ ಸೂಚಿಸಿರುವುದಿಲ್ಲ, ಅನುಮೋದಿಸಿರುವುದೂ ಇಲ್ಲ. ಬಿಲ್ಲು ಯಾರ ಹೆಸರಿಗೆ ಬರುವುದೋ ಅವರೇ ಅಧ್ಯಕ್ಷರು. ಚರ್ಚೆಯ ವಿಷಯವು ಒಂದೇ: ಈ ವರ್ಷ ಯಾವ ಸ್ಮಾರ್ಟ್‌ಫೋನನ್ನು ಕೊಳ್ಳಬೇಕು? ಮಗನು ಕ್ಯಾಮೆರಾದ ಗುಣಗಳನ್ನು ವರ್ಣಿಸುತ್ತಾನೆ. ಮಗಳು ಪರದೆಯ ಹೊಳಪನ್ನು ಹೊಗಳುತ್ತಾಳೆ. ಯಜಮಾನರು ಬ್ಯಾಂಕಿನ ಕಾರ್ಡಿಗೆ ದೊರೆಯುವ ರಿಯಾಯಿತಿಯನ್ನು ಲೆಕ್ಕಹಾಕುತ್ತಾರೆ. ಇವರಿಗೆಲ್ಲ ಕಾಫಿಯನ್ನು ತಂದುಕೊಡುವ ತಾಯಿಯನ್ನು ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಅವರಿಗೆ ಬರತಕ್ಕ ಫೋನು ಯಾವುದೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಹೊಸದನ್ನು ಪಡೆದವರು ಕೈಬಿಟ್ಟದ್ದು ಇನ್ನೊಬ್ಬರಿಗೆ. ಆ ಇನ್ನೊಬ್ಬರು ಕೈಬಿಟ್ಟದ್ದು ತಾಯಿಗೆ.

ಈ ಪದ್ಧತಿಯು ಅನ್ಯಾಯವಾದದ್ದು ಮಾತ್ರವಲ್ಲ, ಅವಿವೇಕವೂ ಆಗಿದೆ ಎಂಬುದೇ ನಮ್ಮ ವಾದ. 'ಯಾವ ಫೋನು?' ಎಂಬುದು ಮೊದಲು ಕೇಳತಕ್ಕ ಪ್ರಶ್ನೆಯೇ ಅಲ್ಲ. 'ಯಾರಿಗೆ?' ಎಂಬುದು ಮೊದಲನೆಯದು, 'ಎಷ್ಟು ವರ್ಷದವರೆಗೆ?' ಎಂಬುದು ಎರಡನೆಯದು. ಈ ಎರಡಕ್ಕೂ ನೇರವಾದ ಉತ್ತರವು ದೊರೆತರೆ 'ಯಾವುದು?' ಎಂಬುದು ಅಂಗಡಿಯ ಮೆಟ್ಟಿಲನ್ನು ಹತ್ತುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿಬಿಡುವುದು.

ಪರರನ್ನು ದೂಷಿಸುವ ಮುನ್ನ ನನ್ನ ಮನೆಯ ಕಥೆಯನ್ನೇ ಹೇಳುವುದು ನ್ಯಾಯ. 2018ರಲ್ಲಿ ನಾನು ಒಂದು ಆಂಡ್ರಾಯ್ಡ್ ಫೋನನ್ನು ಕೊಂಡೆನು. 2020ರಲ್ಲಿ ಅದು ನನ್ನ ಪತ್ನಿಯ ಕೈಗೆ ಬಂದಿತು. 2022ರಲ್ಲಿ ನಮ್ಮ ತಾಯಿಯವರ ಕೈಗೆ. ನಮ್ಮ ತಂದೆಯವರು ಅಂಚೆಯ ಇಲಾಖೆಯಲ್ಲಿದ್ದವರು. ಅವರು ಕಾಲವಾದ ಮೇಲೆ ಬರುವ ಕುಟುಂಬ ಪಿಂಚಣಿಯಿಂದಲೇ ತಾಯಿಯವರು ತಮ್ಮ ಔಷಧಕ್ಕೂ, ಹೂವು ಹಣ್ಣುಗಳಿಗೂ, ಮೊಮ್ಮಕ್ಕಳ ಕೈಗೆ ಕೊಡುವ ಕಾಸಿಗೂ ಹಣವನ್ನು ಹೊಂದಿಸಿಕೊಳ್ಳುತ್ತಾರೆ. ಒಂದು ದಿನ ಆ ಹಳೆಯ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆಯದೆ ಹೋಯಿತು. ಫೋನಿನ ಒಳಗಿನ ವ್ಯವಸ್ಥೆಯು ತೀರ ಹಳೆಯದಾಯಿತಂತೆ. ಆಕೆ ಇದನ್ನು ಯಾರಿಗೂ ಹೇಳಲಿಲ್ಲ. ಎರಡು ತಿಂಗಳ ಕಾಲ ಆಟೋ ಹಿಡಿದು ಬ್ಯಾಂಕಿಗೆ ಹೋಗಿ, ಸಾಲಿನಲ್ಲಿ ನಿಂತು, ಪಾಸ್‌ಬುಕ್ಕನ್ನು ಬರೆಸಿಕೊಂಡು ಬರುತ್ತಿದ್ದರು. ನವೆಂಬರು ಬಂದಿತು, ಪಿಂಚಣಿದಾರರು ತಾವು ಬದುಕಿರುವುದಾಗಿ ಪ್ರಮಾಣಪತ್ರವನ್ನು ಒಪ್ಪಿಸತಕ್ಕ ತಿಂಗಳು. ಮನೆಯಲ್ಲಿಯೇ ಕುಳಿತು ಫೋನಿನ ಕ್ಯಾಮೆರಾಕ್ಕೆ ಮುಖವನ್ನು ತೋರಿಸಿ ಆ ಪ್ರಮಾಣಪತ್ರವನ್ನು ಪಡೆಯುವ ಅನುಕೂಲವನ್ನು ಕೇಂದ್ರ ಸರ್ಕಾರವು 2021ರ ನವೆಂಬರಿನಲ್ಲಿಯೇ ಒದಗಿಸಿತ್ತು. ತಾಯಿಯವರ ಫೋನಿನಲ್ಲಿ ಅದೂ ಸಾಧ್ಯವಾಗಲಿಲ್ಲ. ಆಗ ಮಾತ್ರ ನನಗೆ ವಿಷಯವು ತಿಳಿದದ್ದು. "ಮೊದಲೇ ಏಕಮ್ಮ ಹೇಳಲಿಲ್ಲ?" ಎಂದು ಕೇಳಿದೆನು. "ನೀವೇ ಅಷ್ಟು ಖರ್ಚು ಮಾಡಿ ತಂದದ್ದಲ್ಲವೇನಪ್ಪ, ನನಗೇ ಉಪಯೋಗಿಸುವುದಕ್ಕೆ ಬರುವುದಿಲ್ಲವೇನೋ ಎಂದುಕೊಂಡೆ" ಎಂದರು. ಅದೇ ಸಮಯದಲ್ಲಿ ನನ್ನ ಜೇಬಿನಲ್ಲಿ ಮೂರು ಕ್ಯಾಮೆರಾಗಳುಳ್ಳ ಹೊಸ ಫೋನು ಇದ್ದಿತು. ಅದರಿಂದ ನಾನು ಆ ವರ್ಷ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಊಟದ ತಟ್ಟೆಯವು.

ತಪ್ಪು ಯಂತ್ರದ್ದಲ್ಲ, ನಮ್ಮದು. ಅದರ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗಿದೆ. ಫೋನೆಂಬುದು ಪಾತ್ರೆ ಪದಾರ್ಥಗಳ ಹಾಗೆ ಒಮ್ಮೆ ಕೊಂಡರೆ ಮುಗಿಯುವ ವಸ್ತುವಲ್ಲ. ಅದರೊಳಗಿನ ತಂತ್ರಾಂಶದಲ್ಲಿ ಕಳ್ಳರು ನುಗ್ಗಬಹುದಾದ ಬಿರುಕುಗಳು ಕಾಲಕಾಲಕ್ಕೆ ಪತ್ತೆಯಾಗುತ್ತಿರುತ್ತವೆ. ಗೂಗಲ್ ಸಂಸ್ಥೆಯು 2015ರ ಆಗಸ್ಟಿನಿಂದ ಆಂಡ್ರಾಯ್ಡಿನ ಇಂತಹ ಬಿರುಕುಗಳ ಪಟ್ಟಿಯನ್ನೂ ಅವುಗಳನ್ನು ಮುಚ್ಚುವ ತೇಪೆಗಳನ್ನೂ ತಿಂಗಳು ತಿಂಗಳಿಗೆ ಪ್ರಕಟಿಸುತ್ತ ಬಂದಿದೆ. ಪಟ್ಟಿಯು ಪ್ರಕಟವಾದ ದಿನ ಅದನ್ನು ಸಜ್ಜನರು ಓದುವಂತೆ ಕಳ್ಳರೂ ಓದುತ್ತಾರೆಂಬುದನ್ನು ಮರೆಯಬಾರದು. ಯಾವ ಫೋನಿಗೆ ತೇಪೆಯು ಬರುವುದೋ ಅದಕ್ಕೆ ಭಯವಿಲ್ಲ. ತಯಾರಕರು ತೇಪೆ ಕಳುಹಿಸುವುದನ್ನು ನಿಲ್ಲಿಸಿದ ಫೋನಾದರೋ, ಯಾವ ಕಿಟಕಿಯ ಸರಳು ಸಡಿಲವಾಗಿದೆಯೆಂದು ಊರಿಗೆಲ್ಲ ಸಾರಿದ ಮೇಲೂ ರಿಪೇರಿಯಾಗದ ಮನೆಯಂತೆ. ನಾನು 2018ರಲ್ಲಿ ಕೊಂಡ ಫೋನಿಗೆ ಇಂತಹ ರಕ್ಷಣೆಯಿದ್ದದ್ದು ಮೂರೇ ವರ್ಷ. ಅಂದರೆ ಅದು ತಾಯಿಯವರನ್ನು ತಲಪುವ ವೇಳೆಗೆ ಕಾವಲಿಲ್ಲದೆ ಒಂದು ವರ್ಷವಾಗಿದ್ದಿತು. ನನ್ನ ಕಾಲವೂ ನನ್ನ ಪತ್ನಿಯ ಕಾಲದ ಬಹುಭಾಗವೂ ಕಾವಲಿನೊಳಗೆ ಕಳೆದವು; ಅನಂತರದ ಅಪಾಯವೆಲ್ಲ ಆ ವೃದ್ಧೆಯ ಪಾಲಿಗೆ ಬಂದಿತು. ಮನೆಯಲ್ಲಿ ಹಳೆಯ ಫೋನನ್ನು ಕೆಳಕ್ಕೆ ಇಳಿಸುವುದೆಂದರೆ ಮುಗಿದ ಕಾವಲನ್ನು ಕೆಳಕ್ಕೆ ಇಳಿಸುವುದೇ ಸರಿ.

ಈಗ 'ಕುಟುಂಬ ಯೋಜನೆ'ಯ ಮಾತಿಗೆ ಬರೋಣ. ಒಬ್ಬರ ಮುಖ್ಯ ಸಂಖ್ಯೆ, ಅದಕ್ಕೆ ಅಂಟಿಕೊಂಡ ಉಪಸಂಖ್ಯೆಗಳು, ಎಲ್ಲರಿಗೂ ಸೇರಿ ಒಂದೇ ಬಿಲ್ಲು. ಇದೇ ಅದರ ಸ್ವರೂಪ. 2023ರ ಮಾರ್ಚಿನಲ್ಲಿ ಜಿಯೋ ಸಂಸ್ಥೆಯು ಹೊರತಂದ ಇಂತಹ ಯೋಜನೆಯಲ್ಲಿ ಒಂದು ಮುಖ್ಯ ಸಂಖ್ಯೆಗೆ ಮೂರು ಉಪಸಂಖ್ಯೆಗಳನ್ನು ಸೇರಿಸಿಕೊಳ್ಳುವ ಅವಕಾಶವಿದ್ದಿತು. ಇದರಿಂದ ಹಣವು ಉಳಿಯುವುದೇನೋ ನಿಜವೆ. ಆದರೆ ಬಿಲ್ಲನ್ನು ಹಂಚಿಕೊಂಡ ಮಾತ್ರಕ್ಕೆ ನಾವು ಎಲ್ಲವನ್ನೂ ಹಂಚಿಕೊಂಡೆವೆಂಬ ಒಂದು ಭ್ರಾಂತಿಯು ನಮ್ಮಲ್ಲಿ ಹುಟ್ಟಿದೆ. ಅಮೆರಿಕೆಯಲ್ಲಿ ನೆಲಸಿರುವ ನಮ್ಮ ಬಂಧುಗಳಿಗೆ ಫೋನು ಬರುವುದು ಬಹುಮಟ್ಟಿಗೆ ಸೇವಾ ಸಂಸ್ಥೆಯ ಮೂಲಕ. 24 ಅಥವಾ 36 ತಿಂಗಳ ಕಂತುಗಳಲ್ಲಿ ಸಂಖ್ಯೆಗೂ ಫೋನಿಗೂ ಗಂಟು ಬಿದ್ದಿರುತ್ತದೆ. ಯಾರ ಸಂಖ್ಯೆಗೆ ಯಾವಾಗ ಹೊಸ ಫೋನೆಂಬುದನ್ನು ಅಲ್ಲಿ ಕರಾರೇ ಅರ್ಧಮಟ್ಟಿಗೆ ಗೊತ್ತುಮಾಡುವುದು. ನಮ್ಮಲ್ಲಿ ಸಾಮಾನ್ಯವಾಗಿ ಅಂತಹ ಗಂಟಿಲ್ಲ. ಫೋನನ್ನು ಬೇರೆಯಾಗಿ ಕೊಳ್ಳುತ್ತೇವೆ, ಬೇಕಾದವರಿಗೆ ಕೊಡುತ್ತೇವೆ. ಆದುದರಿಂದ ಹಂಚಿಕೆಯು ತಪ್ಪಾದರೆ ಕರಾರನ್ನು ದೂರುವಂತಿಲ್ಲ, ನಮ್ಮನ್ನೇ ದೂರಿಕೊಳ್ಳಬೇಕು.

ಇದಕ್ಕೆ ಕೆಲವರು ಆಕ್ಷೇಪಗಳನ್ನು ಎತ್ತಬಹುದು. ಗಳಿಸುವವನಿಗೆ ಒಳ್ಳೆಯ ಫೋನು ಬೇಡವೆ ಎಂಬುದು ಮೊದಲನೆಯದು. ಕೆಲಸಕ್ಕೆ ಬೇಕಾದರೆ ಅವಶ್ಯವಾಗಿ ಬೇಕು. ಫೋನಿನಲ್ಲಿಯೇ ಚಿತ್ರ ತೆಗೆದು ಸುದ್ದಿಯನ್ನು ಕಳುಹಿಸುವ ಪತ್ರಿಕಾ ವರದಿಗಾರನಿಗೂ, ಅದರಲ್ಲಿಯೇ ವ್ಯಾಪಾರವನ್ನು ನಡೆಸುವ ಗೃಹಿಣಿಗೂ ಮೊದಲ ಹಕ್ಕನ್ನು ಕೊಡೋಣ. ಆದರೆ ದಿನವೆಲ್ಲ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು ಸಂಜೆಯ ವೇಳೆ ಫೋನಿನಲ್ಲಿ ಕ್ರಿಕೆಟ್ಟನ್ನು ನೋಡುವ ನಮ್ಮಂತಹವರು 'ಕೆಲಸ'ವೆಂಬ ಮಾತನ್ನು ಅಡ್ಡತರುವುದು ಸತ್ಯಕ್ಕೆ ದೂರ.

ವೃದ್ಧರಿಗೆ ಹೊಸ ಫೋನು ತಿಳಿಯದೆಂಬುದು ಎರಡನೆಯದು. ಸೌದೆಯ ಒಲೆಯಿಂದ ಸೀಮೆಯೆಣ್ಣೆಯ ಸ್ಟೌವಿಗೂ, ಅಲ್ಲಿಂದ ಗ್ಯಾಸಿಗೂ, ಕುಕ್ಕರಿಗೂ, ಮಿಕ್ಸಿಗೂ ಯಾರ ಪಾಠವೂ ಇಲ್ಲದೆ ದಾಟಿ ಬಂದವರು ಅವರು. 2016ರಲ್ಲಿ ಯುಪಿಐ ಬಂದಿತು; ಈಗ ತರಕಾರಿಯ ಗಾಡಿಯ ಮುಂದೆ ನಿಂತು ಅವರೇ ಅದರಿಂದ ಹಣ ಕೊಡುತ್ತಾರೆ. ಅವರ ಕಲಿಕೆಗೆ ಅಡ್ಡಿಯಾಗಿರುವುದು ವಯಸ್ಸಲ್ಲ. ಎರಡೆರಡು ವರ್ಷಕ್ಕೊಮ್ಮೆ ಇನ್ನೊಬ್ಬರ ಅಭ್ಯಾಸಕ್ಕೆ ತಕ್ಕಂತೆ ಜೋಡಿಸಿದ, ಜಾಗವೆಲ್ಲ ತುಂಬಿದ, ಮಧ್ಯಾಹ್ನಕ್ಕೇ ಬ್ಯಾಟರಿ ಮುಗಿಯುವ ಫೋನು ಅವರ ಕೈಗೆ ಬರುವುದೇ ಅಡ್ಡಿ. ಒಳ್ಳೆಯದನ್ನು ಒಮ್ಮೆ ಕೊಟ್ಟರೆ ಒಮ್ಮೆ ಕಲಿತು ಬಹುಕಾಲ ನಡೆಸುವರು.

ಅವರೇ ಬೇಡವೆನ್ನುತ್ತಾರೆ ಎಂಬುದು ಮೂರನೆಯದು. ಇದೇ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು. ಎಲೆಯ ಮುಂದೆ ಕುಳಿತ ಅತಿಥಿಯು 'ಸಾಕು' ಎಂದರೆ ಇನ್ನೊಂದು ಸೌಟನ್ನು ಬಡಿಸುವ ಜನ ನಾವು. ತಾಯಿಯು 'ಸಾಕು' ಎಂದ ಕೂಡಲೆ ಮಾತ್ರ ಅಕ್ಷರಶಃ ನಂಬಿಬಿಡುತ್ತೇವೆ. ನಮಗೆ ಅನುಕೂಲವಾದ ಮಾತನ್ನು ನಂಬುವುದು ಎಷ್ಟು ಸುಲಭ!

ನಾಲ್ಕನೆಯ ಆಕ್ಷೇಪವು ತೂಕವುಳ್ಳದ್ದು. ಇಂದಿನ ಮೋಸಗಳಲ್ಲಿ ಬಹುಪಾಲು ನಡೆಯುವುದು ಫೋನಿನ ಬಿರುಕಿನಿಂದಲ್ಲ, ಮಾತಿನ ಮೋಡಿಯಿಂದ. ಓಟಿಪಿಯನ್ನು ಬಾಯಿಬಿಟ್ಟು ಹೇಳಿದವರನ್ನು ಯಾವ ಹೊಸ ಫೋನು ತಾನೆ ರಕ್ಷಿಸೀತು, ಎನ್ನುವರು. ಒಪ್ಪುತ್ತೇವೆ. ತೇಪೆಯು ಎಚ್ಚರಕ್ಕೆ ಬದಲಾಗಲಾರದು. ಹಣವು ಹೋದರೆ ತಡಮಾಡದೆ 1930 ಎಂಬ ಸಹಾಯವಾಣಿಗೆ ತಿಳಿಸಬೇಕೆಂಬುದನ್ನೂ ಮನೆಯವರೆಲ್ಲರೂ ಕಲಿತಿರಬೇಕು. ಆದರೆ ಮುಂಬಾಗಿಲಿನಲ್ಲಿ ಕಳ್ಳನು ಮಾತನಾಡಿಸಿಯೇ ಒಳಹೊಕ್ಕಾನೆಂದು ಹಿತ್ತಲ ಬಾಗಿಲಿಗೆ ಅಗುಳಿ ಹಾಕದಿರುವುದು ಎಂತಹ ನ್ಯಾಯ? ಮೇಲಾಗಿ, ತನ್ನ ಫೋನಿನಲ್ಲಿ ಏನೂ ಸರಿಯಾಗಿ ನಡೆಯದೆ ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳಿ ಕೇಳಿ ನಾಚಿದವರು ತಮ್ಮ ಬುದ್ಧಿಯನ್ನೇ ಸಂಶಯಿಸತೊಡಗುತ್ತಾರೆ. 'ನಾನು ಸರಿಮಾಡಿಕೊಡುತ್ತೇನೆ' ಎಂದು ಹೇಳುವ ಅಪರಿಚಿತನಿಗೆ ಬೇಕಾದದ್ದು ಆ ಸಂಶಯವೇ ಅಲ್ಲವೆ?

ಹಾಗಾದರೆ ಮಾಡಬೇಕಾದುದೇನು? ಅಂಗಡಿಯವನನ್ನು ಮೊದಲು ಕೇಳಬೇಕಾದುದು ಕ್ಯಾಮೆರಾದ ಮಾತನ್ನಲ್ಲ. 'ಇದಕ್ಕೆ ಯಾವ ಇಸವಿಯವರೆಗೆ ರಕ್ಷಣೆಯ ತೇಪೆಗಳು ಬರುವುವು?' ಎಂಬುದನ್ನು. ಇದಕ್ಕೆ ಉತ್ತರವು ದೊರೆಯುವ ಕಾಲವು ಈಗ ಬಂದಿದೆ. ಗೂಗಲಿನವರು 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗಿನವರು 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಮಾತನ್ನು ಕೊಟ್ಟರು. ಆ್ಯಪಲ್ ಸಂಸ್ಥೆಯ 2018ರ ಐಫೋನ್ ಎಕ್ಸ್‌ಆರ್ 2024ರ ಹೊಸ ವ್ಯವಸ್ಥೆಯನ್ನೂ ಪಡೆಯಿತು. ದುಬಾರಿಯಾದುವಕ್ಕೇ ಈ ಭಾಗ್ಯವೆಂದು ತಿಳಿಯಬೇಕಾಗಿಲ್ಲ. 2024ರ ಅಕ್ಟೋಬರಿನಲ್ಲಿ ಸುಮಾರು 19 ಸಾವಿರ ರೂಪಾಯಿಗೆ ಹೊರಬಂದ ಗ್ಯಾಲಕ್ಸಿ ಎ16 5ಜಿ ಫೋನಿಗೂ ಆರು ವರ್ಷಗಳ ವಾಗ್ದಾನವಿದ್ದಿತು. ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ ಇದನ್ನು ಕಾನೂನನ್ನಾಗಿಯೇ ಮಾಡಿ, ಮಾರಾಟವು ನಿಂತ ಮೇಲೂ ಕನಿಷ್ಠ ಐದು ವರ್ಷ ತೇಪೆಗಳನ್ನು ಒದಗಿಸಬೇಕೆಂದು ವಿಧಿಸಿತು. ಒಂದು ಎಚ್ಚರಿಕೆ: ಈ ತಯಾರಕರ ವರ್ಷಗಳ ಲೆಕ್ಕವು ಆರಂಭವಾಗುವುದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿಯನ್ನು ಅಗ್ಗವೆಂದು ಕೊಂಡರೆ ಎರಡು ವರ್ಷದ ಕಾವಲು ಕಳೆದುಹೋಗಿರುತ್ತದೆ.

ಖರ್ಚಿನ ಲೆಕ್ಕವನ್ನೂ ನೋಡಿರಿ. 60 ಸಾವಿರದ ಫೋನನ್ನು ಕೊಂಡು ಮೂರು ವರ್ಷಕ್ಕೆ ಬದಲಾಯಿಸುವವರಿಗೆ ವರ್ಷವೊಂದಕ್ಕೆ 20 ಸಾವಿರ ಬೀಳುವುದು. 19 ಸಾವಿರದ್ದನ್ನು ಆರು ವರ್ಷ ನಡೆಸಿದರೆ ದಿನಕ್ಕೆ ಒಂಬತ್ತು ರೂಪಾಯಿಗೂ ಕಡಿಮೆ. 'ಬಡ್ಡಿಯಿಲ್ಲದ ಕಂತು' ಎಂಬ ಆಮಿಷವನ್ನು ನಂಬಿ ದೊಡ್ಡದಕ್ಕೆ ಕೈಹಾಕುವವರು, ಅಂತಹ ಕಂತುಗಳಲ್ಲಿ ಬಡ್ಡಿಯು ಶುಲ್ಕದ ರೂಪದಲ್ಲಿ ಅಡಗಿರುವುದುಂಟೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಎಚ್ಚರಿಸಿದುದನ್ನು ಸ್ಮರಿಸಿಕೊಳ್ಳಲಿ. ಮಗನ ಫೋನು ನಿಧಾನವಾಯಿತೆ? ಮೊದಲು ಬ್ಯಾಟರಿಯನ್ನು ಬದಲಾಯಿಸಿ ನೋಡಲಿ. ಬ್ಯಾಟರಿಗಳು ಸವೆದ ಹಳೆಯ ಐಫೋನುಗಳ ವೇಗವನ್ನು ತಾವು ಇಳಿಸಿದ್ದುಂಟೆಂದು ಆ್ಯಪಲಿನವರೇ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡರು. ಅಂತಹ ಫೋನಿಗೆ ಬೇಕಾದದ್ದು ಹೊಸ ಬ್ಯಾಟರಿ, ಹೊಸ ಫೋನಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಯ ಬಾಗಿಲನ್ನು ಹಾಕಿದರೆಂಬ ಗಾದೆಯು ನಮ್ಮ ಮನೆಗೆ ಅನ್ವಯಿಸದೆ ಉಳಿದದ್ದು ದೈವಕೃಪೆಯೇ ಹೊರತು ನನ್ನ ಜಾಣತನವಲ್ಲ. ಈಗ ನಮ್ಮಲ್ಲಿ ಕ್ರಮವನ್ನು ತಿರುಗಿಸಿದ್ದೇವೆ. ಹೊಸದಾಗಿ ಬಂದದ್ದು ತಾಯಿಯವರಿಗೆ. ನನ್ನ ಫೋನಿಗೆ ಹೊಸ ಬ್ಯಾಟರಿ. ಕಳೆದ ನವೆಂಬರಿನಲ್ಲಿ ಆಕೆ ನಡುಮನೆಯ ಕಿಟಕಿಯ ಬೆಳಕಿನಲ್ಲಿ ಕುಳಿತು, ತಲೆಯನ್ನು ಬಾಚಿಕೊಂಡು, ಕ್ಯಾಮೆರಾಕ್ಕೆ ಮುಖವನ್ನು ತೋರಿಸಿ, ತಾವು ಬದುಕಿರುವುದನ್ನು ಸರ್ಕಾರಕ್ಕೆ ತಾವೇ ತಿಳಿಸಿದರು. ಯಾರನ್ನೂ ಕರೆಯಲಿಲ್ಲ.

ವಾಚಕರ ಮನೆಗಳಲ್ಲಿ ಮುಂದಿನ ಸಭೆಯು ನೆರೆದಾಗ ಅಡಿಗೆಯ ಮನೆಯಲ್ಲಿರುವವರನ್ನು ಮೊದಲು ಕರೆದು ಕೂಡಿಸಬೇಕು. ಅವರ ಫೋನನ್ನು ಕೈಗೆ ತೆಗೆದುಕೊಂಡು ಅದಕ್ಕೆ ಕೊನೆಯ ತೇಪೆಯು ಬಂದದ್ದು ಯಾವ ತಿಂಗಳಿನಲ್ಲಿ ಎಂಬುದನ್ನು ನೋಡಬೇಕು. ಅನಂತರ ಮಿಕ್ಕವರ ಅಹವಾಲುಗಳನ್ನು ಧಾರಾಳವಾಗಿ ಕೇಳಬಹುದು. ಇಷ್ಟೇ ನಮ್ಮ ಪ್ರಾರ್ಥನೆ.