ಹಳೆಯ ದೃಶ್ಯದಲ್ಲಿ ಹೊಸ ಸರಕು

ಅಮೆರಿಕದ ‘ಹೌ ಐ ಮೆಟ್ ಯುವರ್ ಮದರ್’ ಧಾರಾವಾಹಿಯ ಹಳೆಯ ಕಂತುಗಳು 2011ರಲ್ಲಿ ಮರುಪ್ರಸಾರಗೊಂಡಾಗ, ಅವುಗಳ ಚಿತ್ರೀಕರಣದ ಕಾಲಕ್ಕೆ ತೆರೆಯನ್ನೇ ಕಂಡಿರದಿದ್ದ ‘ಝೂಕೀಪರ್’ ಎಂಬ ಚಲನಚಿತ್ರದ ಜಾಹೀರಾತು ಗಣಕಯಂತ್ರದ ಕೈಚಳಕದಿಂದ ದೃಶ್ಯದ ಹಿನ್ನೆಲೆಯಲ್ಲಿ ಪ್ರತ್ಯಕ್ಷವಾದುದು, ಮುಗಿದ ದೃಶ್ಯದೊಳಗೆ ಹೊಸ ಜಾಹೀರಾತನ್ನು ಸೇರಿಸುವ ವ್ಯಾಪಾರದ ಆಕರ್ಷಣೆಯನ್ನೂ ಅಪಾಯವನ್ನೂ ಏಕಕಾಲಕ್ಕೆ ತೋರಿಸಿಕೊಟ್ಟಿತು. ಒಮ್ಮೆ ಚಿತ್ರೀಕರಿಸಿದ ಗೋಡೆಯನ್ನೋ ಮೇಜನ್ನೋ ದೇಶಕ್ಕೊಬ್ಬ, ಕಾಲಕ್ಕೊಬ್ಬ ವರ್ತಕನಿಗೆ ಮಾರಬಹುದೆಂಬುದೂ, ವಿರಾಮದ ಜಾಹೀರಾತನ್ನು ದಾಟಿಹೋಗುವ ಪ್ರೇಕ್ಷಕನು ದೃಶ್ಯದೊಳಗಿನದನ್ನು ದಾಟಲಾರನೆಂಬುದೂ ನಿರ್ಮಾಪಕರಿಗೆ ಪ್ರಬಲವಾದ ಪ್ರಲೋಭನೆಯೇ ಸರಿ. ಆದರೆ ಮೇಜಿನ ಮೇಲೆ ಆಮೇಲೆ ತಂದಿರಿಸಿದ ತಂಪುಪಾನೀಯದ ಶೀಸೆಯ ಮುಂದೆ ನಟನ ಕೈ ಹಾದುಹೋದರೆ ಅದು ಮರೆಯಾಗಬೇಕು, ಕ್ಯಾಮೆರಾ ಸರಿದಂತೆಲ್ಲ ಅದರ ನೆರಳೂ ಗಾಜಿನ ಹೊಳಪೂ ಸರಿಯಬೇಕು. ಈ ಶ್ರಮದ ವೆಚ್ಚವು ಬಹುಜನರು ಮರಳಿ ಮರಳಿ ನೋಡುವ ಕೃತಿಗಳಲ್ಲಿ ಮಾತ್ರ ಗಿಟ್ಟೀತು. ಅದಕ್ಕಿಂತಲೂ ಮುಖ್ಯವಾಗಿ, ಗಮನಕ್ಕೆ ಬಾರದ ಶೀಸೆಗೆ ವರ್ತಕನು ಹಣ ಕೊಡನು, ಕಣ್ಣಿಗೆ ಚುಚ್ಚುವ ಶೀಸೆ ಕಥೆಯನ್ನೇ ಕೆಡಿಸುವುದು. ಇನ್ನು ನಿಯಮದ ಮಾತು: ಬ್ರಿಟನ್ 2011ರ ಫೆಬ್ರವರಿಯಲ್ಲಿ ತನ್ನ ವಾಹಿನಿಗಳ ಕಾರ್ಯಕ್ರಮಗಳಲ್ಲಿ ಹಣ ಪಡೆದು ಸರಕು ತೋರಿಸಲು ಅನುಮತಿಯಿತ್ತಾಗ ಅದನ್ನು ಪ್ರೇಕ್ಷಕನಿಗೆ ತಿಳಿಸಲು ತೆರೆಯ ಮೇಲೆ ‘ಪಿ’ ಎಂಬ ಚಿಹ್ನೆಯನ್ನೂ ವಿಧಿಸಿತು. ಮುಗಿದ ಕೃತಿಯನ್ನು ತಿದ್ದುವಲ್ಲಿ ಆ ಚಿಹ್ನೆಯಷ್ಟೇ ಸಾಲದು, ನಿರ್ದೇಶಕನ ಹಾಗೂ ನಟರ ಸಮ್ಮತಿಯೂ, ಆದಾಯದಲ್ಲಿ ಅವರಿಗೊಂದು ಪಾಲೂ ಇರತಕ್ಕದ್ದು.